"ಅಲ್ಲಿ ಗುಂಡು ಹಾರ್ತಿರುತ್ತಂತೆ, ಭಯ ಆಗಲ್ವಾ?"

ಸುಡಾನಿಗೋ ದಕ್ಷಿಣ ಸುಡಾನಿಗೋ ಕೆಲಸಕ್ಕೆ ಹೋಗುವವರನ್ನು ಊರಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಇದು. ಭಯ ಆಗುತ್ತದೆ. ಆದರೆ ಹೊರಡುವ ಮೊದಲು ಕೇಳಿಕೊಳ್ಳಬೇಕಾದದ್ದು ಬೇರೆ: ವಿಮಾನ ನಿಂತುಹೋದರೆ ಎಷ್ಟು ದಿನ ಮನೆಯೊಳಗೇ ಇರಬಲ್ಲೆ?

ಸುಡಾನಿನ ರಾಜಧಾನಿ ಖಾರ್ಟೂಮಿನ ಲೆಕ್ಕವನ್ನೇ ನೋಡಿ. 2023ರ ಏಪ್ರಿಲ್ 15ರ ಬೆಳಿಗ್ಗೆ ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಕಾಳಗ ಹತ್ತಿತು. ವಿಮಾನ ನಿಲ್ದಾಣವೇ ರಣರಂಗವಾಗಿ ಅಂದೇ ಮುಚ್ಚಿತು. ನಗರದ ಉತ್ತರ ಭಾಗವಾದ ಬಹ್ರಿಯ ನೀರು ಶುದ್ಧೀಕರಣ ಘಟಕ ನಿಂತು ನಲ್ಲಿಗಳು ಒಣಗಿದವು, ಬ್ಯಾಂಕುಗಳು ಬಾಗಿಲು ಹಾಕಿದವು. ಅಲ್ಲಿದ್ದ ಭಾರತೀಯರನ್ನು ಕರೆತರುವ ನಮ್ಮ ಸರ್ಕಾರದ ಆಪರೇಷನ್ ಕಾವೇರಿ ಶುರುವಾದದ್ದು 24ಕ್ಕೆ. ನಡುವೆ ಒಂಬತ್ತು ದಿನ. ಹತ್ತು ದಿನದ ದಾಸ್ತಾನು ಕನಿಷ್ಠ ಅನ್ನುವುದು ಅದಕ್ಕೇ.

ಕುಡಿಯಲು, ಬೇಯಿಸಲು ಒಬ್ಬರಿಗೆ ದಿನಕ್ಕೆ 3 ಲೀಟರ್. ನಾಲ್ವರಿದ್ದರೆ ಹತ್ತು ದಿನಕ್ಕೆ 120 ಲೀಟರ್, ಅಂದರೆ 20 ಲೀಟರಿನ ಆರು ಕ್ಯಾನು. ತೊಳೆಯುವ ನೀರು ಇದರಲ್ಲಿ ಸೇರಿಲ್ಲ. ಕರೆಂಟು ಹೋದರೆ ಪಂಪೂ ನಿಲ್ಲುತ್ತದೆ, ಹಾಗಾಗಿ ಮೇಲಿನ ಟ್ಯಾಂಕನ್ನು ಪ್ರತಿ ಸಂಜೆ ತುಂಬಿಸಿಡಬೇಕು. ನಾಳೆ ನೋಡೋಣ ಎಂದವರ ಟ್ಯಾಂಕು ಸರಿಯಾಗಿ ಆ ದಿನವೇ ಖಾಲಿ ಇರುತ್ತದೆ.

ಮಲಗುವ ಜಾಗ ಬೀದಿಗೂ ನಿಮಗೂ ನಡುವೆ ಎರಡು ಗೋಡೆ ಇರುವಂಥದ್ದಾಗಿರಲಿ. ಮನೆಯೊಳಗಿನ ಕಿಟಕಿಯಿಲ್ಲದ ಕಾರಿಡಾರು, ಇಲ್ಲವೇ ಬಚ್ಚಲು. ಗಾಯ ಮಾಡುವುದರಲ್ಲಿ ಕಿಟಕಿ ಗಾಜಿನ ಚೂರುಗಳೂ ಕಡಿಮೆಯಲ್ಲ. ಆಕಾಶಕ್ಕೆ ಹಾರಿಸಿದ ಗುಂಡು ಎಲ್ಲೋ ಬೀಳಲೇಬೇಕು, ತಗಡಿನ ಸೂರು ಅದನ್ನು ತಡೆಯುವುದಿಲ್ಲ. ವಿಡಿಯೋ ಮಾಡಲು ತಾರಸಿ ಹತ್ತುವುದು ಶುದ್ಧ ಹುಚ್ಚು.

ದುಡ್ಡು ಡಾಲರಿನಲ್ಲಿರಲಿ. ಹಳೆಯ ಸರಣಿಯ ಅಥವಾ ಚೂರು ಹರಿದ ನೋಟನ್ನು ಅಲ್ಲಿ ಮುಟ್ಟುವುದಿಲ್ಲ. ನೂರಕ್ಕೆ ಚಿಲ್ಲರೆ ಸಿಗದು, ಆದ್ದರಿಂದ 5, 10, 20ರ ನೋಟುಗಳೂ ಬೇಕು. ಮೂರು ಕಡೆ ಹಂಚಿಡಿ. ದಾರಿಯಲ್ಲಿ ಒಂದು ಪಾಲು ಹೋಗುತ್ತದೆ ಅಂದುಕೊಂಡೇ ಹೊರಡಿ.

ಖಾರ್ಟೂಮಿನಿಂದ ಕೆಂಪು ಸಮುದ್ರದ ದಡದ ಪೋರ್ಟ್ ಸುಡಾನಿಗೆ 800 ಕಿಲೋಮೀಟರಿಗೂ ಹೆಚ್ಚು. ಅಲ್ಲಿಂದ ಹಡಗೋ ವಿಮಾನವೋ ಹತ್ತಿ ಸೌದಿಯ ಜೆಡ್ಡಾ. ಗಾಡಿಯ ಟ್ಯಾಂಕು ಯಾವತ್ತೂ ಅರ್ಧಕ್ಕಿಂತ ಕೆಳಗಿಳಿಯಬಾರದು. ಕಾಳಗ ಶುರುವಾದ ಮೇಲೆ ಡೀಸೆಲ್ ಹುಡುಕುವುದು ಬಾವಿ ತೋಡಿದಂತೆ. ಚೆಕ್‌ಪೋಸ್ಟ್ ಕಂಡೊಡನೆ ವೇಗ ತಗ್ಗಿಸಿ, ಗಾಜಿಳಿಸಿ, ಕಪ್ಪು ಕನ್ನಡಕ ತೆಗೆದು, ಕೈ ಕಾಣುವಂತೆ ಇಡಬೇಕು. ರಾತ್ರಿಯಾದರೆ ಹೆಡ್‌ಲೈಟ್ ತಗ್ಗಿಸಿ ಒಳಗಿನ ದೀಪ ಹಾಕಬೇಕು. ಫೋನು ಕೈಯಲ್ಲಿ ಬೇಡ, ಅದರೊಳಗೆ ಸೈನಿಕರ ಫೋಟೋ ಅಂತೂ ಬೇಡವೇ ಬೇಡ. ಮಾತು ಡ್ರೈವರ್ ಒಬ್ಬನದೇ.

ಕಾಗದಪತ್ರದಲ್ಲಿ ಎಡವುವವರೇ ಜಾಸ್ತಿ. ಪಾಸ್‌ಪೋರ್ಟು ಮಾಲೀಕನ ಬೀರುವಿನಲ್ಲಿದ್ದು ಆತ ಓಡಿಹೋದರೆ, ರಾಯಭಾರ ಕಚೇರಿಯಿಂದ ಒಮ್ಮುಖ ಪ್ರಯಾಣದ ತುರ್ತು ಪ್ರಮಾಣಪತ್ರ ಪಡೆಯಬೇಕು. ಅದಕ್ಕೂ ಪಾಸ್‌ಪೋರ್ಟಿನ ನಕಲಿದ್ದರೆ ಕೆಲಸ ಸಲೀಸು. ವಿಸಿಟ್ ವೀಸಾದಲ್ಲಿ ಹೋದವರು, ವಿದೇಶಕ್ಕೆ ಕೆಲಸಕ್ಕೆ ಹೋಗುವವರ ಹೆಸರಿರುವ ನಮ್ಮ ಸರ್ಕಾರದ ಇ-ಮೈಗ್ರೇಟ್ ದಾಖಲೆಯಲ್ಲಿ ಬರುವುದಿಲ್ಲ. ಅವರು ತಾವೇ ರಾಯಭಾರ ಕಚೇರಿಗೆ ಹೆಸರು, ವಿಳಾಸ, ಫೋನ್ ನಂಬರ್ ಕೊಟ್ಟಿರಬೇಕು. ಗಿಡಮೂಲಿಕೆ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಜನರಲ್ಲಿ ಒಂದು ಗುಂಪು ಸಿಕ್ಕಿಬಿದ್ದದ್ದು ಖಾರ್ಟೂಮಿನಲ್ಲೂ ಅಲ್ಲ, ದೂರದ ಪಶ್ಚಿಮದ ಡಾರ್ಫರಿನ ಅಲ್ ಫಾಶಿರ್‌ನಲ್ಲಿ. ಅಲ್ಲಿಂದ ಕಡಲಿಗೆ ಬರಬೇಕಾದರೆ ಹೆಚ್ಚುಕಡಿಮೆ ಇಡೀ ದೇಶವನ್ನೇ ದಾಟಬೇಕು. ಆ ಊರು 2025ರ ಅಕ್ಟೋಬರಿನಲ್ಲಿ ಆರ್‌ಎಸ್‌ಎಫ್ ವಶವಾಯಿತು.

ಹಳದಿ ಜ್ವರದ ಲಸಿಕೆಯನ್ನು ಪ್ರಯಾಣಕ್ಕೆ ಹತ್ತು ದಿನ ಮೊದಲೇ ಹಾಕಿಸಿಕೊಂಡು, ಅದಕ್ಕೆ ಪ್ರಮಾಣಪತ್ರವಾಗಿ ಕೊಡುವ ಹಳದಿ ಪುಸ್ತಿಕೆಯನ್ನು ಪಾಸ್‌ಪೋರ್ಟಿನ ಜೊತೆಯಲ್ಲೇ ಇಡಿ. ಕಾವೇರಿ ಕಾರ್ಯಾಚರಣೆಯಲ್ಲಿ ಬೆಂಗಳೂರಿಗೆ ಬಂದಿಳಿದವರಲ್ಲಿ ಅದಿಲ್ಲದ ಕೆಲವರು, ಅಷ್ಟೆಲ್ಲಾ ದಾಟಿ ಬಂದ ಮೇಲೂ, ಮನೆಗೆ ಹೋಗುವ ಬದಲು ಕ್ವಾರಂಟೈನಿಗೆ ಹೋಗಬೇಕಾಯಿತು.