ಎದೇಲಿ ತೆಗೆದ ನೀರಲ್ಲೇ ಬ್ಲಡ್ ಕ್ಯಾನ್ಸರ್ ಗೊತ್ತಾಗುತ್ತಾ?

ನಾನು ಸೈಟಾಲಜಿ (ಸೆಲ್‌ಗಳನ್ನ, ಅಂದ್ರೆ ಜೀವಕೋಶಗಳನ್ನ, ಮೈಕ್ರೋಸ್ಕೋಪಲ್ಲಿ ಪರೀಕ್ಷಿಸೋದು) ನೋಡೋ ಪೆಥಾಲಜಿಸ್ಟ್. ಪೇಷಂಟ್ ಕಡೆಯವ್ರು, ನೆಂಟ್ರು ಎಲ್ರೂ ಕೇಳೋದು ಒಂದೇ: "ಡಾಕ್ಟ್ರೇ, ಲಂಗ್ಸ್ ಸುತ್ತ ನೀರು ತುಂಬಿದೆ ಅಂತ ಸೂಜಿ ಹಾಕಿ ತೆಗೆದ್ರಲ್ಲ, ಅದ್ರಲ್ಲೇ ಲಿಂಫೋಮಾ, ಲುಕೇಮಿಯಾ ಗೊತ್ತಾಗಲ್ವಾ, ಮತ್ತೆ ಬಯಾಪ್ಸಿ ಯಾಕೆ?"

ಲಿಂಫೋಮಾ ಅಂದ್ರೆ ಲಿಂಫೋಸೈಟ್ ಅನ್ನೋ ಬಿಳಿ ರಕ್ತಕಣಗಳ ಕ್ಯಾನ್ಸರ್, ಲುಕೇಮಿಯಾ ಅಂದ್ರೆ ರಕ್ತ, ಮೂಳೆಮಜ್ಜೆಯಲ್ಲಿ ಬರೋ ಕ್ಯಾನ್ಸರ್. ಎಷ್ಟೋ ಸಲ ಗೊತ್ತಾಗುತ್ತೆ. ಆದ್ರೆ ಆ ನೀರು ಲ್ಯಾಬಿಗೆ ಯಾವ ಸ್ಥಿತೀಲಿ ಬಂತು ಅನ್ನೋದು ತುಂಬಾ ಮುಖ್ಯ.

ನೀರಲ್ಲಿ ಬರೀ ಲಿಂಫೋಸೈಟ್ಸೇ ತುಂಬಿದ್ರೆ ನಮ್ಮಲ್ಲಿ ಮೊದ್ಲು ಟಿಬಿ ಅಂತಾರೆ, ಅದು ಸರಿನೇ, ನಮ್ಮ ದೇಶದಲ್ಲಿ ಟಿಬಿ ಅಷ್ಟಿದೆ. ಎಡಿಎ (ಟಿಬಿ ಅನುಮಾನ ಇದ್ರೆ ನೀರಲ್ಲಿ ಅಳೆಯೋ ಒಂದು ಎಂಜೈಮ್) ಜಾಸ್ತಿ ಬಂದ್ರಂತೂ ಟ್ರೀಟ್‌ಮೆಂಟ್ ಶುರು ಮಾಡ್ಬಿಡ್ತಾರೆ, ಆದ್ರೆ ಲಿಂಫೋಮಾದಲ್ಲೂ ಎಡಿಎ ಏರಬಹುದು. ಟಿಬಿಯ ಸಣ್ಣ ಲಿಂಫೋಸೈಟು, ನಿಧಾನವಾಗಿ ಬೆಳೆಯೋ ಲಿಂಫೋಮಾದ ಸಣ್ಣ ಲಿಂಫೋಸೈಟು ಸ್ಲೈಡಲ್ಲಿ ಅಣ್ಣತಮ್ಮಂದಿರ ಹಾಗೇ ಕಾಣ್ಸುತ್ವೆ, ಬರೀ ಕಣ್ಣಲ್ಲಿ ಬೇರೆ ಮಾಡೋಕೆ ಹೋದ್ರೆ ನಾನೂ ತಪ್ಪು ಮಾಡ್ತೀನಿ.

ಅದಕ್ಕೇ ಫ್ಲೋ ಸೈಟೋಮೆಟ್ರಿ ಬೇಕು. ಬಣ್ಣ ಬೀರೋ ಆಂಟಿಬಾಡಿ ಅಂಟಿಸಿದ ಜೀವಕೋಶಗಳನ್ನ ಒಂದೊಂದಾಗಿ ಲೇಸರ್ ಮುಂದೆ ಹಾಯಿಸ್ತಾರೆ, ಲಿಂಫೋಸೈಟಿನ ಮುಖ್ಯ ಬಗೆಗಳಲ್ಲಿ ಯಾವುದು ಟಿ ಸೆಲ್, ಯಾವುದು ಬಿ ಸೆಲ್ ಗೊತ್ತಾಗುತ್ತೆ. ಟಿಬಿಯಲ್ಲಿ ಸಾಮಾನ್ಯವಾಗಿ ಟಿ ಸೆಲ್ಲೇ ಜಾಸ್ತಿ. ಮಾಮೂಲಿ ಬಿ ಸೆಲ್‌ಗಳಲ್ಲಿ ಕೆಲವು ಕಪ್ಪಾ, ಕೆಲವು ಲ್ಯಾಂಬ್ಡಾ ಅನ್ನೋ ಪ್ರೋಟೀನ್ ಚೈನ್ ಇಟ್ಕೊಂಡಿರ್ತಾವೆ, ಎಲ್ಲವೂ ಒಂದೇ ಥರದ್ದು ಅಂದ್ರೆ ಒಂದೇ ಸೆಲ್ಲಿಂದ ಹುಟ್ಟಿದ ಗುಂಪು, ಅಂದ್ರೆ ಲಿಂಫೋಮಾ ಇರಬಹುದು ಅಂತ ಅನುಮಾನ ಗಟ್ಟಿಯಾಗುತ್ತೆ.

ನನಗೆ ಮರೆಯೋಕಾಗದ ಕೇಸ್ ಹದಿಹರೆಯದ ಒಬ್ಬ ಹುಡುಗಂದು. ಎದೆ ಮಧ್ಯೆ ದೊಡ್ಡ ಗೆಡ್ಡೆ, ಮುಖ ಊದಿತ್ತು, ಅಂಗಾತ ಮಲಗಿದ್ರೆ ಉಸಿರೇ ಆಡ್ತಿರಲಿಲ್ಲ. ಇಂಥವ್ರಿಗೆ ಅನಸ್ತೇಶಿಯಾ ಕೊಟ್ರೆ ಗೆಡ್ಡೆ ಶ್ವಾಸನಾಳನ ಒತ್ತಿ ಪ್ರಾಣಕ್ಕೇ ಅಪಾಯ. ಕೂರಿಸಿಕೊಂಡೇ, ಬರೀ ಜಾಗ ಮರಗಟ್ಟಿಸಿ ಲಂಗ್ಸ್ ಸುತ್ತಲ ನೀರು ತೆಗೆದ್ರು. ಅದ್ರಲ್ಲಿ ಬ್ಲಾಸ್ಟ್‌ಗಳು, ಅಂದ್ರೆ ಬಲಿಯದ ಸೆಲ್‌ಗಳು, ಎಳೇ ಲಿಂಫೋಸೈಟಿನ ಗುರುತಾದ ಟಿಡಿಟಿ ಪಾಸಿಟಿವ್, ಸೆಲ್ ಒಳಗೆ ಟಿ ಸೆಲ್‌ನ ಗುರುತಾದ ಸಿಡಿ3. ಟಿ ಲಿಂಫೋಬ್ಲಾಸ್ಟಿಕ್, ಅಂದ್ರೆ ಎಳೇ ಟಿ ಸೆಲ್‌ಗಳ ಕ್ಯಾನ್ಸರ್. ಗೆಡ್ಡೆಗೆ ಕತ್ತರಿ ತಾಗಿಸದೇ ಕೀಮೋ ಶುರುವಾಯ್ತು. ಹೃದಯದ ಸುತ್ತ ತುಂಬಿದ ನೀರಿಗೂ ಇದೇ ಮಾತು, ಹೇಗೂ ಹೃದಯ ಒತ್ತಬಾರ್ದು ಅಂತ ತೆಗೀತಾರೆ, ತೆಗೆದಿದ್ದನ್ನ ಚೆಲ್ಲಬೇಡಿ, ಕಳಿಸಿ!

ಹೆಚ್‌ಐವಿ ಇರೋರಲ್ಲಿ ಅಪರೂಪಕ್ಕೆ ಬರೋ ಇನ್ನೊಂದಿದೆ, ಪ್ರೈಮರಿ ಎಫ್ಯೂಷನ್ ಲಿಂಫೋಮಾ. ಅದ್ರಲ್ಲಿ ಸಾಮಾನ್ಯವಾಗಿ ಗೆಡ್ಡೆನೇ ಇರಲ್ಲ, ಕ್ಯಾನ್ಸರ್ ಇರೋದೇ ನೀರಲ್ಲಿ, 1994ರಲ್ಲಿ ಪತ್ತೆಯಾದ ಹೆಚ್‌ಹೆಚ್‌ವಿ-8 ವೈರಸ್ ಆ ಸೆಲ್‌ಗಳಲ್ಲಿ ಸಿಗುತ್ತೆ.

ನನಗೆ ಹೊಟ್ಟೆ ಉರಿಯೋದು ಎಲ್ಲಿ ಅಂದ್ರೆ, ಪೂರ್ತಿ ನೀರನ್ನ ಫಾರ್ಮಲಿನ್‌ಗೆ (ಸೆಲ್‌ಗಳನ್ನ ಸಾಯಿಸಿ ಕೆಡದ ಹಾಗೆ ಇಡೋ ದ್ರಾವಣ) ಹಾಕಿ ಕಳಿಸಿರ್ತಾರೆ. ಸೆಲ್ ಬ್ಲಾಕಿಗೆ (ನೀರಲ್ಲಿರೋ ಸೆಲ್‌ಗಳನ್ನ ಮೇಣದಲ್ಲಿ ಕೂರಿಸಿ, ತೆಳ್ಳಗೆ ಕತ್ತರಿಸಿ ನೋಡೋದು) ಅದು ಪರವಾಗಿಲ್ಲ, ಫ್ಲೋಗೆ ಮಾತ್ರ ಜೀವ ಇರೋ ಸೆಲ್ ಬೇಕು, ಅದಕ್ಕೆ ಒಂದು ಭಾಗ ತಾಜಾ ಆಗಿ ಹೆಪ್ಪುಗಟ್ಟದ ಹಾಗೆ ತಡೆಯೋ ಇಡಿಟಿಎ ಟ್ಯೂಬಲ್ಲಿ ಬೇಗ ಬರಬೇಕು. ಇನ್ನೊಂದು ಸ್ಟಿರಾಯ್ಡ್. ಮೊದ್ಲೇ ಶುರು ಮಾಡಿದ್ರೆ ಲಿಂಫೋಮಾ ಸೆಲ್‌ಗಳು ಕರಗಿಹೋಗಿ ನಮಗೇನೂ ಸಿಗದೇ ಇರಬಹುದು, ಆಗೋದಾದ್ರೆ ಮೊದ್ಲು ನೀರು ತೆಗೀರಿ.

ಇನ್ನು ಬಯಾಪ್ಸಿ ಯಾಕೆ ಅಂದ್ರೆ, ಊದಿದ ಲಿಂಫ್ ಗಂಟುಗಳು (ಲಿಂಫ್ ನೋಡ್) ಲಿಂಫ್ ಅನ್ನೋ ದ್ರವ ಹರಿಯೋ ದಾರಿ ಕಟ್ಟಿ ಹಾಕಿದ್ರೂ ನೀರು ತುಂಬುತ್ತೆ, ಆ ನೀರಲ್ಲಿ ಕ್ಯಾನ್ಸರ್ ಸೆಲ್ ಒಂದೂ ಇಲ್ಲದೇ ಇರಬಹುದು. ಹಾಜ್‌ಕಿನ್ ಲಿಂಫೋಮಾದಲ್ಲಂತೂ ನೀರಲ್ಲಿ ಆ ರೋಗದ ಗುರುತಾದ ದೊಡ್ಡ ಸೆಲ್ ಸಿಗೋದೇ ಅಪರೂಪ. ಹಾಗಾಗಿ ನಾನು ರಿಪೋರ್ಟಲ್ಲಿ "ನೆಗೆಟಿವ್" ಅಂತ ಬರೆದು, ಕೆಳಗೆ ಗಂಟಿನ ಬಯಾಪ್ಸಿ ಮಾಡಿಸಿ ಅಂತ ಬರೆದಿದ್ರೆ, ದಯವಿಟ್ಟು ಆ ಕೆಳಗಿನ ಸಾಲನ್ನೂ ಓದಿ.