ಅಂಕದ ಪಕ್ಕದಲ್ಲಿರುವ ತಾರೀಖು

ಫ್ರಾನ್ಸಿನ ಬೋರ್ಡೋ ಸೀಮೆಯ ಹಳೆಯ ರೆಡ್ ವೈನ್ ಕೊಳ್ಳಲು ಹೊರಟವರ ಕಣ್ಣು ಮೊದಲು ಹೋಗುವುದು ಅಂಕದ ಮೇಲೆ. ಒಬ್ಬ ವಿಮರ್ಶಕರು ನೂರಕ್ಕೆ 96 ಕೊಟ್ಟಿರುತ್ತಾರೆ, ಇನ್ನೊಬ್ಬರು 20ಕ್ಕೆ 17, ಮತ್ತೊಬ್ಬರು 91. ಯಾರನ್ನು ನಂಬೋದು? ನಾನು ಹೇಳೋದು ಇಷ್ಟೇ: ಅಂಕ ಆಮೇಲೆ ನೋಡಿ, ಅದನ್ನು ಯಾವ ವರ್ಷ ಕೊಟ್ಟರು ಅಂತ ಮೊದಲು ನೋಡಿ. ಇಪ್ಪತ್ತು-ಮೂವತ್ತು ವರ್ಷ ಹಳೆಯ ಬಾಟಲಿಯ ಜೊತೆ ಅಂಗಡಿಯವರು ಹಾಕಿರುವ ಅಂಕ ಎಷ್ಟೋ ಸಲ ಆ ವೈನ್ ಇನ್ನೂ ಪೀಪಾಯಿಯಲ್ಲಿದ್ದಾಗ ಸಿಕ್ಕಿದ್ದು.

ಬೋರ್ಡೋದ ವ್ಯಾಪಾರ ನಡೆಯೋದೇ ಹಾಗೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ದ್ರಾಕ್ಷಿ ಕೊಯ್ಲು. ಮುಂದಿನ ಏಪ್ರಿಲ್ ಹೊತ್ತಿಗೆ ಪೀಪಾಯಿಯಿಂದ ಸ್ಯಾಂಪಲ್ ತೆಗೆದು ವಿಮರ್ಶಕರಿಗೂ ವ್ಯಾಪಾರಿಗಳಿಗೂ ರುಚಿ ನೋಡಲು ಕೊಡುತ್ತಾರೆ. ಬಾಟಲಿಗೆ ತುಂಬೋಕೆ ಇನ್ನೂ ಒಂದು ವರ್ಷವಾದರೂ ಇರುತ್ತದೆ, ಆದರೆ ಅಂಕ ಬಂತು, ಬೆಲೆ ನಿಗದಿಯಾಯಿತು, ಮಾರಾಟ ಶುರುವಾಯಿತು. ಆ ದಿನಗಳಲ್ಲಿ ಒಬ್ಬ ವಿಮರ್ಶಕ ಬೆಳಗಿನಿಂದ ಸಂಜೆವರೆಗೆ ಹತ್ತಾರು ಎಳೆ ವೈನ್ ಬಾಯಿಗೆ ಹಾಕಿ ಉಗಿಯುತ್ತಾನೆ. ಒಗರಿಗೆ ನಾಲಿಗೆ ದಪ್ಪ ಆಗಿರುತ್ತದೆ. ವೈನ್ ಇನ್ನೂ ಪೂರ್ತಿ ತಯಾರಾಗಿರುವುದಿಲ್ಲ, ಅದಕ್ಕೇ ಪೀಪಾಯಿ ಅಂಕಗಳು 92-94 ಅಂತ ಜೋಡಿಯಾಗಿ ಬರುತ್ತವೆ. ಶಾತೋ ಲಾತೂರ್ ಅನ್ನುವ ವೈನ್ ತೋಟದವರು 2012ರಲ್ಲಿ ಈ ಪದ್ಧತಿಯಿಂದಲೇ ಹೊರಗೆ ಬಂದರು, ಕುಡಿಯುವ ಹದಕ್ಕೆ ಬಂತು ಅನ್ನಿಸಿದ ಮೇಲೆ ಮಾರುತ್ತೇವೆ ಅಂತ. ನನಗಂತೂ ಅದು ಸರಿಯಾದ ಕೆಲಸ ಅನ್ನಿಸಿತು. ಅವರ ವೈನ್ ನನ್ನ ಜೇಬಿಗೆ ಎಟುಕೋದಿಲ್ಲ, ಅದು ಬೇರೆ ಮಾತು.

ಈಗ ಅಂಕದ ವಿಷಯ. ನೂರರ ಲೆಕ್ಕವನ್ನು ಮನೆಮಾತು ಮಾಡಿದವರು ಅಮೆರಿಕದ ವೈನ್ ವಿಮರ್ಶಕ ರಾಬರ್ಟ್ ಪಾರ್ಕರ್. ವಕೀಲರಾಗಿದ್ದವರು 1978ರಲ್ಲಿ ತಮ್ಮದೇ ವೈನ್ ಪತ್ರಿಕೆ ಶುರು ಮಾಡಿದರು. ಅವರ ಲೆಕ್ಕದಲ್ಲಿ ಎಲ್ಲ ವೈನಿಗೂ ಮೊದಲೇ 50 ಅಂಕ ಸುಮ್ನೆ ಸಿಗುತ್ತದೆ. ಬಣ್ಣಕ್ಕೆ 5, ವಾಸನೆಗೆ 15, ರುಚಿ ಮತ್ತು ಅದು ಬಾಯಲ್ಲಿ ಉಳಿಯುವ ಹೊತ್ತಿಗೆ 20, ಒಟ್ಟಾರೆ ಗುಣ ಮತ್ತು ಮುಂದೆ ಎಷ್ಟು ಬಾಳುತ್ತದೆ ಅನ್ನೋದಕ್ಕೆ 10. ಅಂದರೆ ನಿಜವಾದ ಪರೀಕ್ಷೆ ಐವತ್ತಕ್ಕೆ. ಬ್ರಿಟನ್ನಿನ ವಿಮರ್ಶಕಿ ಜಾನ್ಸಿಸ್ ರಾಬಿನ್ಸನ್ ಅವರದು ಇಪ್ಪತ್ತರ ಲೆಕ್ಕ, ಅಲ್ಲಿ 16 ಬಂದರೇ ಒಳ್ಳೆಯ ವೈನ್. ಅದನ್ನು ಐದರಿಂದ ಗುಣಿಸಿ 80 ಅಂತ ಓದಿದರೆ ಪೂರ್ತಿ ಎಡವಟ್ಟು. ಹಳೇ ಕಾಲದ ಮೇಷ್ಟ್ರು 60 ಕೊಟ್ಟರೆ ಫಸ್ಟ್ ಕ್ಲಾಸ್ ಅಂತ ಬೀದಿಗೆಲ್ಲ ಸಕ್ಕರೆ ಹಂಚುತ್ತಿದ್ದರು, ಈಗ 95 ಬಂದರೂ ಮಗುವಿನ ಮುಖ ಸಪ್ಪೆ, ಹಾಗೇ ಇದೂ.

ಇವರಿಬ್ಬರ ನಡುವಿನ ಜಗಳ ವೈನ್ ಕುಡಿಯುವವರಿಗೆಲ್ಲ ಗೊತ್ತು. 2003 ಯೂರೋಪಿನಲ್ಲಿ ಭಯಂಕರ ಬೇಸಿಗೆಯ ವರ್ಷ. ಬೋರ್ಡೋದ ಸೇಂತ್-ಎಮಿಲಿಯೋಂ ಊರಿನ ಶಾತೋ ಪಾವಿ ಆ ವರ್ಷ ಮಾಡಿದ್ದು ತುಂಬಾ ಮಾಗಿದ ಹಣ್ಣಿನ, ಗಟ್ಟಿಯಾದ ವೈನ್. 2004ರಲ್ಲಿ ಪೀಪಾಯಿಯಿಂದ ರುಚಿ ನೋಡಿದ ಪಾರ್ಕರ್ ನೂರರ ಹತ್ತಿರ ಕೊಟ್ಟರು. ಜಾನ್ಸಿಸ್ 20ಕ್ಕೆ 12 ಕೊಟ್ಟು, ಇದು ಬೋರ್ಡೋ ಥರವೇ ಇಲ್ಲ ಅಂದರು. ಇಬ್ಬರೂ ಎಲ್ಲರೆದುರು ವಾದಕ್ಕೆ ನಿಂತರು. ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ ಏನು ಸಿಗುತ್ತದೆ ಹೇಳಿ? ಯಾರಿಗೂ ಬೇಡದ ಒಂದು ಸಂಖ್ಯೆ. ಆ ಜಗಳವನ್ನೇ ಓದಿದರೆ ಮಾತ್ರ ಕೊಳ್ಳುವವನಿಗೆ ಬೇಕಾದ್ದೆಲ್ಲ ಗೊತ್ತಾಗುತ್ತದೆ: ವೈನ್ ದಪ್ಪ, ಸಿಹಿಯ ಕಡೆಗೆ ವಾಲುತ್ತದೆ, ನಿನಗೆ ಅದು ಇಷ್ಟಾನಾ ಇಲ್ವಾ? ವಿಮರ್ಶಕರು ಒಪ್ಪಿದ ವೈನಿಗಿಂತ ಕಿತ್ತಾಡಿದ ವೈನಿನ ಬಗ್ಗೆಯೇ ನನಗೆ ಜಾಸ್ತಿ ಮಾಹಿತಿ ಸಿಕ್ಕಿದೆ.

ಪಾರ್ಕರ್ ಅವರನ್ನು ಬೈಯೋದು ಈಗ ಫ್ಯಾಷನ್. ಆದರೆ 1982ರ ಬೋರ್ಡೋ ಬಗ್ಗೆ ಆಗಿನ ಹೆಸರಾಂತ ವಿಮರ್ಶಕ ರಾಬರ್ಟ್ ಫಿನಿಗನ್ ಅನುಮಾನ ಪಟ್ಟಾಗ, ಇಲ್ಲ ಇದು ದೊಡ್ಡ ವರ್ಷ ಅಂತ ಗಟ್ಟಿಯಾಗಿ ನಿಂತವರು ಅವರೇ. ಒಳ್ಳೆಯ 82ಗಳು ದಶಕಗಳ ಕಾಲ ಬಾಳಿದವು. ಅಲ್ಲಿ ಗೆದ್ದದ್ದು ಪಾರ್ಕರ್.

ಲಂಡನ್‌ನಲ್ಲಿ ನಾವೊಂದಷ್ಟು ಗೆಳೆಯರು ದುಡ್ಡು ಹಾಕಿ, ಬಾಟಲಿಗೆ ಕಾಗದ ಸುತ್ತಿ, ಆಗಾಗ ಹಳೆಯ ವೈನ್ ಕುಡಿಯಲು ಸೇರುತ್ತೇವೆ. ಈಚೆಗೆ ಬೋರ್ಡೋದ ಮೆಡೋಕ್ ಭಾಗದ 1996ರ ವೈನ್‌ಗಳನ್ನು ಇಟ್ಟುಕೊಂಡೆವು. ಆ ವರ್ಷ ಕೊಯ್ಲಿನ ಕೊನೆಗೆ ಹವಾಮಾನ ಕೈಹಿಡಿದಿದ್ದರಿಂದ ತಡವಾಗಿ ಮಾಗುವ ಕ್ಯಾಬರ್ನೆ ಸೊವಿನ್ಯೋನ್ ದ್ರಾಕ್ಷಿಗೆ ಒಳ್ಳೆಯದಾಯಿತು, ಹುಳಿಯೂ ಒಗರೂ ಗಟ್ಟಿಯಾಗಿ ಉಳಿದವು. ಗ್ರಾಂ-ಪ್ಯುಯಿ-ಲಾಕೋಸ್ತ್ ಸುರಿದ ಕೂಡಲೇ ಮಾತಾಡತೊಡಗಿತು: ದೇವದಾರು, ಹೊಗೆಸೊಪ್ಪು, ಹಿಂದೆ ಬ್ಲ್ಯಾಕ್‌ಕರಂಟ್. ಅಂಚಿನಲ್ಲಿ ಇಟ್ಟಿಗೆ ಬಣ್ಣ. ಲೆಯೋವಿಲ್ ಬಾರ್ತೋಂ ಮೊದಲು ಬಾಯಿ ಬಿಗಿದುಕೊಂಡೇ ಕೂತಿತ್ತು, ಬರೀ ಒಗರು, ಎಲ್ಲರೂ ಕಡಿಮೆ ಅಂಕ ಹಾಕಿದೆವು. ಊಟ ಮುಗಿಯುವ ಹೊತ್ತಿಗೆ ಅದೇ ಗ್ಲಾಸಿನಲ್ಲಿ ಅಣಬೆ, ಚರ್ಮ, ಒದ್ದೆ ಮಣ್ಣು ಎಲ್ಲ ಬಂದು, ಹಾಕಿದ ಅಂಕಗಳನ್ನು ಹೊಡೆದು ತಿದ್ದಿದೆವು. ಒಂದೇ ರಾತ್ರಿಯಲ್ಲಿ ಹೀಗೆ ಮಗುಚುವ ಅಂಕ ಇಪ್ಪತ್ತೈದು ವರ್ಷ ನಿಲ್ಲುತ್ತಾ?

ಇನ್ನೊಂದು ಬಾಟಲಿ, ಹೆಸರು ಬೇಡ, ತೆಗೆದ ತಕ್ಷಣ ಒದ್ದೆ ರಟ್ಟಿನ ವಾಸನೆ. ಕಾರ್ಕ್ ಕೆಟ್ಟಿತ್ತು, ಟಿಸಿಎ ಅಂತಾರಲ್ಲ ಅದು. ವಿಮರ್ಶಕರು ಭರ್ಜರಿ ಅಂಕ ಕೊಟ್ಟಿದ್ದ ವೈನ್, ಸಿಂಕಿಗೆ ಹೋಯಿತು.

ಡ್ಯುಕ್ರು-ಬೋಕಾಯೂ ಕುಡಿಯುವಾಗ ನಾನು ಒಂದು ಕತೆ ಹೇಳಲೇಬೇಕಾಯಿತು. ಅದು ಸೇಂತ್-ಜೂಲಿಯೆನ್ ಊರಿನ ವೈನ್. 1882ರಲ್ಲಿ ಪ್ರೊಫೆಸರ್ ಮಿಯಾರ್ಡೆ ಅಲ್ಲಿ ಓಡಾಡುವಾಗ, ದಾರಿಬದಿಯ ಬಳ್ಳಿಗಳಿಗೆ ಮಾತ್ರ ರೋಗ ಬಂದಿಲ್ಲ ಅನ್ನೋದನ್ನು ಗಮನಿಸಿದರಂತೆ. ಹಣ್ಣು ಕದಿಯುವವರನ್ನು ಹೆದರಿಸಲು ತೋಟದವರು ಅವಕ್ಕೆ ಮೈಲುತುತ್ತ, ಸುಣ್ಣ ಬಳಿದಿದ್ದರು. ಅದೇ ಬೋರ್ಡೋ ದ್ರಾವಣ! ಮಲೆನಾಡಿನಲ್ಲಿ ಮಳೆಗಾಲಕ್ಕೆ ಅಡಿಕೆ ಕೊಳೆರೋಗಕ್ಕೆ ಹೊಡೆಯೋದು ಇದನ್ನೇ. ನಮ್ಮ ಕಡೆಯ ತೋಟದವರಿಗೆ ಬೋರ್ಡೋ ಅಂದರೆ ಇವತ್ತಿಗೂ ನೀಲಿ ಔಷಧಿಯೇ, ವೈನ್ ಅಲ್ಲ. ಗೆಳೆಯರು ನಂಬಲಿಲ್ಲ, ಫೋನಿನಲ್ಲಿ ಹುಡುಕಿ ನೋಡಿದರು.

ಕೊಟ್ಟಿಗೆ ವಾಸನೆ ಬಗ್ಗೆಯೂ ಹೇಳಿಬಿಡುತ್ತೇನೆ. ಬ್ರೆಟ್ ಅನ್ನುವ ಯೀಸ್ಟ್ ಸೇರಿದರೆ ವೈನಿಗೆ ದನದ ಕೊಟ್ಟಿಗೆಯ ಘಮ ಬರುತ್ತದೆ. ಪಾರ್ಕರ್ ಪೂರ್ತಿ 100 ಕೊಟ್ಟ 1990ರ ಶಾತೋ ಮಾಂತ್ರೋಸ್ ವೈನಿನಲ್ಲಿ ಅದು ಇದೆ ಅನ್ನೋದು ಎಲ್ಲರಿಗೂ ಗೊತ್ತಿರುವ ವಿಷಯ, ಬಾಟಲಿಯಿಂದ ಬಾಟಲಿಗೆ ಜಾಸ್ತಿ ಕಮ್ಮಿ ಆಗುತ್ತದೆ. ಕೆಲವರಿಗೆ ಅದು ದೊಡ್ಡ ದೋಷ. ಕೊಟ್ಟಿಗೆ ಪಕ್ಕ ಬೆಳೆದ ನನಗೆ ಸ್ವಲ್ಪ ಇದ್ದರೆ ಏನೂ ತೊಂದರೆ ಇಲ್ಲಪ್ಪ.

92 ದೊಡ್ಡದೋ 94 ದೊಡ್ಡದೋ ಅಂತ ತಲೆ ಕೆಡಿಸಿಕೊಳ್ಳುವವರು ರಾಬರ್ಟ್ ಹಾಜ್‌ಸನ್ 2008ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಬೇಕು. ಕ್ಯಾಲಿಫೋರ್ನಿಯಾದ ಸ್ಪರ್ಧೆಯೊಂದರಲ್ಲಿ ತೀರ್ಪುಗಾರರಿಗೆ ಒಂದೇ ಬಾಟಲಿಯ ವೈನನ್ನು ಹೇಳದೆ ಮೂರು ಸಲ ಕೊಟ್ಟರು. ಅದೇ ವ್ಯಕ್ತಿಯ ಅಂಕ ಸಾಮಾನ್ಯವಾಗಿ ನಾಲ್ಕರಷ್ಟು ಮೇಲೆ ಕೆಳಗೆ ಆಗುತ್ತಿತ್ತು. ಎರಡು ಅಂಕಕ್ಕೆ ದುಪ್ಪಟ್ಟು ದುಡ್ಡು ಕೊಡೋದು ಯಾಕೆ ಹಾಗಾದರೆ?

ಭವಿಷ್ಯ ಹೇಳೋದರಲ್ಲೂ ಎಲ್ಲರೂ ಎಡವುತ್ತಾರೆ. 1976ರಲ್ಲಿ ಸ್ಟೀವನ್ ಸ್ಪರಿಯರ್ ಪ್ಯಾರಿಸ್‌ನಲ್ಲಿ ಲೇಬಲ್ ಮುಚ್ಚಿ ನಡೆಸಿದ ರುಚಿಯ ಪಂದ್ಯದಲ್ಲಿ ಕ್ಯಾಲಿಫೋರ್ನಿಯಾದ ವೈನ್ ಗೆದ್ದಾಗ ಫ್ರೆಂಚರು, ಬೋರ್ಡೋ ಹಳೆಯದಾದಾಗ ನೋಡಿ ಅಂದರು. ಮೂವತ್ತು ವರ್ಷ ಕಾದು 2006ರಲ್ಲಿ ಅವೇ ರೆಡ್ ವೈನ್‌ಗಳನ್ನು ಮತ್ತೆ ಕುಡಿದರೆ ಮೊದಲ ಐದೂ ಸ್ಥಾನ ಕ್ಯಾಲಿಫೋರ್ನಿಯಾಕ್ಕೆ. ಮೊದಲು ಐದನೆಯದಾಗಿದ್ದ 1971ರ ರಿಡ್ಜ್ ಮಾಂಟೆ ಬೆಲ್ಲೊ ಮೇಲೆ ಬಂದು ಕೂತಿತು.

ಹಾಗಾಗಿ ನಾನೀಗ ಕೊಳ್ಳುವ ಮೊದಲು ಹುಡುಕೋದು ಹತ್ತಿರದ ಒಂದೆರಡು ವರ್ಷದಲ್ಲಿ, ಪೀಪಾಯಿಯಿಂದಲ್ಲ, ಬಾಟಲಿಯಿಂದಲೇ ಕುಡಿದು ಬರೆದ ಟಿಪ್ಪಣಿಯನ್ನು. ಜಾನ್ಸಿಸ್ ಅವರ ಬಾಯಿರುಚಿ ನನ್ನದಕ್ಕೆ ಹತ್ತಿರ, ಅವರು ಮೆಚ್ಚದ ದಪ್ಪ ವೈನ್‌ಗಳನ್ನು ನಾನೂ ಬಿಡುತ್ತೇನೆ. ಆಮೇಲೆ ಅಂಗಡಿಯವರಿಂದ ಬಾಟಲಿಯ ಫೋಟೋ ಕೇಳುತ್ತೇನೆ, ಕುತ್ತಿಗೆಯಲ್ಲಿ ವೈನ್ ಎಲ್ಲಿವರೆಗೆ ಇದೆ ಅಂತ ನೋಡಬೇಕು. ಭುಜದಿಂದ ಕೆಳಗೆ ಇಳಿದಿದ್ದರೆ ನೂರಕ್ಕೆ ನೂರು ಬಂದಿದ್ದರೂ ಬೇಡ. ಮುಂದಿನ ಸಲ ಬೋರ್ಡೋದಲ್ಲೇ ನದಿಯ ಆ ಕಡೆ ಇರುವ ಪೊಮೆರೋಲ್ ಊರಿನ ವೈನ್, 1998ರದು. ಬಾಟಲಿ ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿಡಿ, ಗಷ್ಟು ತಳಕ್ಕೆ ಕೂರಲಿ ಅಂತ ಎಲ್ಲರಿಗೂ ಹೇಳಿಟ್ಟಿದ್ದೇನೆ.