"ನನ್ನ ಮೈಗೆ ಮಾತ್ರೆ ಒಗ್ಗಿಹೋಗಿದೆ"

"ನನ್ನ ಮೈಗೆ ಮಾತ್ರೆ ಒಗ್ಗಿಹೋಗಿದೆ ಕಣೇ, ಇನ್ನು ಯಾವುದೂ ಕೇಳಲ್ಲ."

ಈ ವಾರ ಕೋಲಾರದ ಒಂದು ಲ್ಯಾಬಿನ ಕೌಂಟರ್ ಮುಂದೆ ದೊಡ್ಡಮ್ಮ ನನಗೆ ಹೇಳಿದ ಮಾತು ಇದು. ಗಾಜಿನ ಆಚೆ ಕೂತು ರಿಪೋರ್ಟಿಗೆ ಸೀಲ್ ಒತ್ತುತ್ತಿದ್ದ ಹುಡುಗಿ ತಲೆ ಎತ್ತಿ, "ನಿಮ್ಮ ಮೈ ಅಲ್ಲಮ್ಮ, ಬದಲಾಗಿರೋದು ಆ ಕ್ರಿಮಿ" ಅಂದಳು. ನಾನು ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುವವಳು. ಅದೇ ವಿಷಯವನ್ನು ಇಷ್ಟು ಚೆನ್ನಾಗಿ ಒಂದೇ ಸಾಲಲ್ಲಿ ಹೇಳಿದ್ದನ್ನು ನಾನು ಎಲ್ಲೂ ಕೇಳಿಲ್ಲ.

ದೊಡ್ಡಮ್ಮನಿಗೆ ಉರಿಮೂತ್ರ. ಮಳೆಗಾಲದಿಂದ ಬಂದು ಹೋಗಿ ಮಾಡುತ್ತಿದೆ. ಮುಳಬಾಗಿಲು ಕಡೆ ಟೊಮ್ಯಾಟೊ ತೋಟದಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೂ ಬಗ್ಗಿ ಕೆಲಸ ಮಾಡುವ ಹೆಂಗಸರು ನೀರು ಕುಡಿಯುವುದೇ ಕಡಿಮೆ. ಕುಡಿದರೆ ಹೋಗೋಕೆ ಜಾಗ ಎಲ್ಲಿದೆ? ತೋಟಕ್ಕೆ ಡ್ರಿಪ್ ಹಾಕಿಸುವ ಗಂಡಸರಿಗೆ ಒಂದು ಮರೆ ಕಟ್ಟಿಸಬೇಕು ಅಂತ ಹೊಳೆಯುವುದೇ ಇಲ್ಲ. ಉರಿ ಶುರುವಾದಾಗೆಲ್ಲ ದೊಡ್ಡಮ್ಮನ ಮಗ ಮೆಡಿಕಲ್ ಸ್ಟೋರಿಗೆ ಹೋಗಿ, ಚೀಟಿ ಇಲ್ಲದೆ ಸೆಫಿಕ್ಸಿಮ್ ಅನ್ನೋ ಆ್ಯಂಟಿಬಯೋಟಿಕ್ ಮಾತ್ರೆ ತರುತ್ತಿದ್ದ. ಮೊದಲ ಸಲ ಗುಣವಾಯಿತು. ಆಮೇಲೆ ಆಗಲಿಲ್ಲ. ಆಗ ಅಂಗಡಿಯವನು "ಪವರ್ ಜಾಸ್ತಿ ಇರೋದು" ಅಂತ ಇನ್ನೊಂದು ಕೊಟ್ಟ.

ಆ ಅಂಗಡಿಯವನ ಮೇಲೆ ನನಗೆ ನಿಜವಾಗಿ ಸಿಟ್ಟಿದೆ. ಸೆಫಿಕ್ಸಿಮ್ 2014ರಿಂದ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿದೆ. ಡಾಕ್ಟರ ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ರೋಗಿಯ ಹೆಸರು, ಡಾಕ್ಟರ ಹೆಸರು, ಎಷ್ಟು ಮಾತ್ರೆ ಕೊಟ್ಟೆ ಅನ್ನೋದು ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಯಾರು ಬರೀತಾರೆ?

ಕೊನೆಗೆ ಒಬ್ಬ ಡಾಕ್ಟರಮ್ಮ ಕಲ್ಚರ್ ಮಾಡಿಸಿ ಅಂದರು, ಅಂದರೆ ಮೂತ್ರದಲ್ಲಿರೋ ಕ್ರಿಮಿ ಬೆಳೆಸಿ ಯಾವ ಔಷಧಿ ನಡೆಯುತ್ತೆ ಅಂತ ನೋಡೋ ಪರೀಕ್ಷೆ. ರಿಪೋರ್ಟಿನಲ್ಲಿ ಹೆಚ್ಚಿನ ಔಷಧಿಗಳ ಮುಂದೆ ಆರ್, ಆರ್, ಆರ್. ಅಂದರೆ ಆ ಔಷಧಿ ನಡೆಯಲ್ಲ. ಕೆಳಗೆ ಆ ಕ್ರಿಮಿಯ ಹೆಸರು ಇ. ಕೋಲೈ, ಇಎಸ್‌ಬಿಎಲ್ ಪಾಸಿಟಿವ್ ಅಂತಿತ್ತು, ಅಂದರೆ ಸೆಫಿಕ್ಸಿಮ್ ಥರದ ಔಷಧಿಗಳನ್ನು ಒಡೆಯಬಲ್ಲ ಕ್ರಿಮಿ. ನಾನು ಟೀಚರ್ ಅಂತ ಗೊತ್ತಾದ ಮೇಲೆ ಆ ಹುಡುಗಿ ಒಳಗೆ ಹೋಗಿ ಪ್ಲೇಟ್ ತಂದು, ಮುಚ್ಚಳ ತೆಗೆಯದೆ ಬೆಳಕಿಗೆ ಹಿಡಿದಳು.

ಅಂಗೈಯಷ್ಟು ತಟ್ಟೆ. ಕ್ರಿಮಿ ಬೆಳೆದು ಬೂದುಬಣ್ಣದ ಪದರ ಆಗಿದೆ. ಅದರ ಮೇಲೆ ಗುಂಡಗೆ ಕತ್ತರಿಸಿದ ಬಿಳಿ ಕಾಗದದ ಬಿಲ್ಲೆಗಳು. ಒಂದರಲ್ಲಿ ಸೆಫೊಟಾಕ್ಸಿಮ್, ಸೆಫಿಕ್ಸಿಮ್ ಜಾತಿಯದೇ ಔಷಧಿ. ಕ್ರಿಮಿ ಅದರ ಅಂಚಿನವರೆಗೂ ಬಂದು ಮುತ್ತಿಕೊಂಡಿತ್ತು. ಇನ್ನೊಂದರಲ್ಲಿ ಅದೇ ಸೆಫೊಟಾಕ್ಸಿಮ್, ಜೊತೆಗೆ ಚೂರು ಕ್ಲಾವುಲಾನಿಕ್ ಆಮ್ಲ. ಅದರ ಸುತ್ತ ಮಾತ್ರ ದೊಡ್ಡ ಸ್ವಚ್ಛ ವೃತ್ತ, ಒಂದು ಕ್ರಿಮಿಯೂ ಇಲ್ಲ. ಒಂದೇ ತಟ್ಟೆ, ಒಂದೇ ಕ್ರಿಮಿ, ಒಂದೇ ಔಷಧಿ. ದೊಡ್ಡಮ್ಮನ ಮೈ ಅಲ್ಲೆಲ್ಲೂ ಇರಲಿಲ್ಲ. ಔಷಧಿ ತುಂಡು ಮಾಡುತ್ತಿದ್ದುದು ಕ್ರಿಮಿಯ ಒಳಗಿನ ಒಂದು ಕಿಣ್ವ. ಕ್ಲಾವುಲಾನಿಕ್ ಆಮ್ಲ ಹೋಗಿ ಆ ಕಿಣ್ವಕ್ಕೆ ಅಂಟಿಕೊಂಡ ಕೂಡಲೇ ಔಷಧಿ ಮತ್ತೆ ಕೆಲಸ ಮಾಡಿದೆ. ಆ ಎರಡು ಬಿಲ್ಲೆ ಇನ್ನೂ ನನ್ನ ಕಣ್ಣ ಮುಂದಿವೆ.

ಈ ಕಿಣ್ವಗಳ ಜಾತಿಗೆ ಬೀಟಾ-ಲ್ಯಾಕ್ಟಮೇಸ್ ಅಂತ ಹೆಸರು. ಪೆನಿಸಿಲಿನ್ ಒಳಗೂ ಸೆಫೊಟಾಕ್ಸಿಮ್ ಒಳಗೂ ಇರುವ ನಾಲ್ಕು ಮೂಲೆಯ ಉಂಗುರವನ್ನು ನೀರು ಬಳಸಿ ಒಡೆದುಬಿಡುತ್ತವೆ. ವಿಜ್ಞಾನಿಗಳಾದ ಅಬ್ರಹಾಂ ಮತ್ತು ಚೇನ್ ಪೆನಿಸಿಲಿನ್ ಒಡೆಯುವ ಇಂಥ ಕಿಣ್ವವನ್ನು ಗುರುತಿಸಿ ಬರೆದದ್ದು 1940ರಲ್ಲಿ, ಪೆನಿಸಿಲಿನ್ ಚಿಕಿತ್ಸೆ ಇನ್ನೂ ಶುರುವಾಗುವ ಮೊದಲೇ. ಟಿಇಎಂ-1 ಅನ್ನೋ ಕಿಣ್ವ ಪೆನಿಸಿಲಿನ್ ಜಾತಿಯ ಔಷಧಿಗಳನ್ನು ಒಡೆಯುತ್ತೆ, ಸೆಫೊಟಾಕ್ಸಿಮ್‌ನಂಥ ದಪ್ಪ ಔಷಧಿ ಅದರ ತಗ್ಗಿನಲ್ಲಿ ಸರಿಯಾಗಿ ಕೂರಲ್ಲ. ಆದರೆ ಕಿಣ್ವ ಅನ್ನೋ ಅಮೈನೋ ಆಮ್ಲಗಳ ಸರಪಳಿಯಲ್ಲಿ 238ನೇ ಜಾಗದ ಗ್ಲೈಸಿನ್ ಹೋಗಿ ಸೆರೀನ್ ಬಂದರೆ ಆ ತಗ್ಗು ಅಗಲವಾಗುತ್ತೆ, ದಪ್ಪ ಔಷಧಿಗೂ ಜಾಗ ಸಿಗುತ್ತೆ. ಇನ್ನೂರಕ್ಕೂ ಜಾಸ್ತಿ ಅಮೈನೋ ಆಮ್ಲಗಳಲ್ಲಿ ಬದಲಾಗಿದ್ದು ಒಂದೇ ಒಂದು!

ಇದು ಪುಕ್ಕಟೆ ಲಾಭವಲ್ಲ ಅನ್ನೋದೇ ನನಗೆ ತುಂಬಾ ಹಿಡಿಸಿದ ವಿಷಯ. ತಗ್ಗು ಅಗಲವಾದ ಕಿಣ್ವ ಸಡಿಲವಾಗುತ್ತೆ, ಬೇಗ ಕೆಡುತ್ತೆ. ಆಮೇಲೆ ದೂರದ 182ನೇ ಜಾಗದಲ್ಲಿ ಇನ್ನೊಂದು ಬದಲಾವಣೆ ಬಂದರೆ ಮತ್ತೆ ಗಟ್ಟಿಯಾಗುತ್ತೆ. ಇದೇ ಟಿಇಎಂನಲ್ಲಿ 69ನೇ ಅಥವಾ 244ನೇ ಜಾಗ ಬದಲಾದರೆ ಕ್ಲಾವುಲಾನಿಕ್ ಆಮ್ಲಕ್ಕೆ ಬಗ್ಗುವುದಿಲ್ಲ, ಆದರೆ ಅಂಥವು ಸಾಮಾನ್ಯವಾಗಿ ದಪ್ಪ ಔಷಧಿಗಳನ್ನು ಒಡೆಯಲಾರವು. ಕೆಪಿಸಿ ಅನ್ನೋ ಇನ್ನೊಂದು ಕಿಣ್ವದಲ್ಲಿ 179ನೇ ಜಾಗ ಬದಲಾದಾಗ ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಅನ್ನೋ ಹೊಸ ಜೋಡಿ ಔಷಧಿ ಸೋಲುತ್ತೆ, ಆದರೆ ಅಲ್ಲಿಯವರೆಗೂ ನಡೆಯದಿದ್ದ ಮೆರೊಪೆನೆಮ್ ಅನ್ನೋ ಔಷಧಿ ಎಷ್ಟೋ ಸಲ ಮತ್ತೆ ಕೆಲಸಕ್ಕೆ ಬರುತ್ತೆ. ಒಂದು ಕಡೆ ಗಳಿಸಿದ್ದನ್ನು ಇನ್ನೊಂದು ಕಡೆ ಕಳೆದುಕೊಂಡಿರುತ್ತೆ. ಹಾಗಿರುವಾಗ "ಪವರ್ ಜಾಸ್ತಿ", "ಪವರ್ ಕಮ್ಮಿ" ಅನ್ನೋ ಲೆಕ್ಕಕ್ಕೆ ಏನರ್ಥ? ಯಾವ ಕಿಣ್ವ, ಅದು ಯಾವುದನ್ನು ಒಡೆಯುತ್ತೆ, ಯಾವುದರ ಹತ್ತಿರ ಅದರ ಆಟ ನಡೆಯಲ್ಲ ಅಂತ ತಾನೇ ಕೇಳಬೇಕಾದ್ದು?

ದೊಡ್ಡಮ್ಮನ ಮಗ ಒಂದು ಒಳ್ಳೆಯ ಪ್ರಶ್ನೆ ಕೇಳಿದ. ಅವನಿಗೆ ಸುಮ್ನೆ ಬೈತಾ ಇರೋದೂ ಸರಿಯಲ್ಲ. ತಟ್ಟೆಯಲ್ಲಿ ಕ್ಲಾವುಲಾನಿಕ್ ಗೆದ್ದಿದೆ ಅಂದಮೇಲೆ ಅಮಾಕ್ಸಿಸಿಲಿನ್-ಕ್ಲಾವುಲಾನಿಕ್ ಮಾತ್ರೆಗೆ ಯಾಕೆ ಆರ್ ಬಂತು? ಡಾಕ್ಟರಮ್ಮ ಬೇಜಾರಿಲ್ಲದೆ ಹೇಳಿದರು: ನಮ್ಮ ದೇಶದಲ್ಲಿ ಜಾಸ್ತಿ ಸಿಗೋದು ಸಿಟಿಎಕ್ಸ್-ಎಂ-15 ಅನ್ನೋ ಕಿಣ್ವ, ಅದನ್ನು ಹೊತ್ತ ಕ್ರಿಮಿಯಲ್ಲಿ ಎಷ್ಟೋ ಸಲ ಓಎಕ್ಸ್‌ಎ-1 ಅಂತ ಇನ್ನೊಂದೂ ಇರುತ್ತೆ. ಅದು ಕ್ಲಾವುಲಾನಿಕ್ ಆಮ್ಲಕ್ಕೆ ಅಷ್ಟಾಗಿ ಬಗ್ಗಲ್ಲ. ಸೆಫೊಟಾಕ್ಸಿಮ್ ಅನ್ನು ಹೆಚ್ಚು ಮುಟ್ಟಲ್ಲ, ಅಮಾಕ್ಸಿಸಿಲಿನ್ ಅನ್ನು ಮಾತ್ರ ಬಿಡಲ್ಲ.

ಅವರು ಬರೆದುಕೊಟ್ಟದ್ದು ನೈಟ್ರೋಫ್ಯುರಾಂಟಾಯಿನ್. ಕಿಡ್ನಿ ಪರೀಕ್ಷೆ ನೋಡಿಕೊಂಡು ಬರೆದರು. 1950ರ ದಶಕದಿಂದ ಬಳಕೆಯಲ್ಲಿರುವ ಹಳೆಯ ಮಾತ್ರೆ, ಬೆಲೆಯೂ ಕಮ್ಮಿ. ಅದರಲ್ಲಿ ಆ ನಾಲ್ಕು ಮೂಲೆಯ ಉಂಗುರವೇ ಇಲ್ಲ, ಹಾಗಾಗಿ ಈ ಕಿಣ್ವಕ್ಕೆ ಒಡೆಯೋಕೆ ಏನೂ ಸಿಗಲ್ಲ. ಮಗನಿಗೆ ಸಮಾಧಾನ ಇಲ್ಲ. "ಇಷ್ಟು ಕಮ್ಮಿ ರೇಟಿನ ಮಾತ್ರೆನಾ? ಒಂದು ಇಂಜೆಕ್ಷನ್ ಹಾಕಿಸಿಬಿಡೋಣ" ಅಂತ ಕಾರಿಡಾರಿನಲ್ಲೇ ಶುರು ಮಾಡಿದ.

ಆದರೆ ನನ್ನ ಹೊಟ್ಟೆ ಉರಿಸಿದ್ದು ದೊಡ್ಡಮ್ಮನ ಮುಖ. ಇಷ್ಟು ದಿನ ಅವರು ತಮ್ಮ ಮೈಯನ್ನೇ ದೂರುತ್ತಿದ್ದರು. ವಯಸ್ಸಾಯ್ತು, ರಕ್ತ ಕೆಟ್ಟಿದೆ, ಮಾತ್ರೆ ನುಂಗಿ ನುಂಗಿ ಮೈ ಮೊಂಡಾಗಿದೆ ಅಂತ. ಹಾಗಂದುಕೊಂಡೇ ಒಂದು ಸಲ ನುಂಗುವುದನ್ನೇ ನಿಲ್ಲಿಸಿ, ಚಳಿಜ್ವರ ಬಂದು ಮಲಗಿದ್ದರು. ನಮ್ಮ ಕಡೆ ಎಷ್ಟು ಹೆಂಗಸರು ಹೀಗೇ ಯೋಚಿಸುತ್ತಿರಬಹುದು, ಅಲ್ವಾ? ರಿಪೋರ್ಟಿನಲ್ಲಿ ಆರ್ ಅಂತ ಬರೆದು ಕೈಗೆ ಕೊಟ್ಟರೆ ಸಾಲದು, ಅದು ಯಾರ ಮೇಲಿನ ದೂರು ಅಂತಲೂ ಯಾರಾದರೂ ಹೇಳಬೇಕು. ಆ ಹುಡುಗಿ ಹೇಳಿದಳು. ಅವಳ ಕೆಲಸ ಅದಲ್ಲದಿದ್ದರೂ.

ಈಗ ಉರಿ ಇಳಿದಿದೆ. ನಿನ್ನೆ ಫೋನಿನಲ್ಲಿ ದೊಡ್ಡಮ್ಮ, "ಆ ಕ್ರಿಮಿ ಪೂರ್ತಿ ಹೋಯ್ತೇನೇ?" ಅಂತ ಕೇಳಿದರು. ಮೂತ್ರದಲ್ಲಿ ಇರಲಿಕ್ಕಿಲ್ಲ, ಆದರೆ ಕರುಳಿನಲ್ಲಿ ಇನ್ನೂ ತಿಂಗಳುಗಟ್ಟಲೆ ಇರಬಹುದು, ತನ್ನ ಜೀನನ್ನು ಪಕ್ಕದ ಕ್ರಿಮಿಗೂ ದಾಟಿಸಬಹುದು ಅಂದೆ. "ಹಂಗಾದ್ರೆ ಆ ರಿಪೋರ್ಟ್ ಕಾಗದ ಬಿಸಾಕಬೇಡ ಅಂತ ಇವನಿಗೂ ಹೇಳು" ಅಂದು ಫೋನನ್ನು ಮಗನ ಕೈಗೆ ಕೊಟ್ಟರು.